ಪರದೆಯ ಮಿಣಮಿಣ ನಿಂತಿದ್ದು ಹೇಗೆ: ಹಳೇ ಲ್ಯಾಪ್‌ಟಾಪು, ಎನ್‌ವಿಡಿಯಾ ಕಾರ್ಡು, ವೇಲ್ಯಾಂಡು

2024ರ ಮೇ ತಿಂಗಳಲ್ಲಿ ಫೆಡೋರಾ 40 ಅನ್ನೋ ಲಿನಕ್ಸ್‌ನ ಕೆಡಿಇ ಡೆಸ್ಕ್‌ಟಾಪ್ ಇರೋ ಆವೃತ್ತಿ ಹಾಕ್ದೆ. ಎಸ್‌ಪಿ ರೋಡಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, 2018ರ ಮಾಡೆಲ್ಲು, ಒಳಗಡೆ ಇಂಟೆಲ್ ಗ್ರಾಫಿಕ್ಸ್ ಒಂದು, ಜೊತೆಗೆ ಎನ್‌ವಿಡಿಯಾ ಜಿಟಿಎಕ್ಸ್ 1050 ಒಂದು. ಅಲ್ಲೀವರೆಗೂ ಪರದೆ ಮೇಲೆ ಕಿಟಕಿ ತೋರಿಸೋ ಹಳೇ ವ್ಯವಸ್ಥೆ ಎಕ್ಸ್11ನಲ್ಲೇ ಆರಾಮಾಗಿದ್ದೆ, ಆದ್ರೆ ಈ ಆವೃತ್ತಿಯಿಂದ ಕೆಡಿಇ ಜೊತೆ ಎಕ್ಸ್11 ಸೆಷನ್ ತಾನಾಗೇ ಬರಲ್ಲ, ಅದರ ಜಾಗಕ್ಕೆ ಬಂದಿರೋ ವೇಲ್ಯಾಂಡ್ ಒಂದೇ, ಹಳೇದು ಬೇಕಂದ್ರೆ ಬೇರೆ ಪ್ಯಾಕೇಜ್ ಹಾಕ್ಕೋಬೇಕು. ಆಗಿದ್ದಾಗ್ಲಿ ನೋಡೇಬಿಡೋಣ ಅಂತ ಇಳಿದೆ.

ಮೊದಲ ದಿನವೇ ಫ್ಯಾನು ಮಿಕ್ಸಿ ಥರ ಕೂಗೋಕೆ ಶುರು. ಕಿಟಕಿ ಎಳೆದ್ರೆ ಹಿಂದಿಂದೆ ತೆವಳ್ಕೊಂಡು ಬರ್ತಿತ್ತು. ಡ್ರೈವರ್ ಸರಿ ಇಲ್ಲ ಅಂತ ಎರಡು ದಿನ ಬೈಕೊಂಡು ಆಮೇಲೆ ಸಿಸ್ಟಮ್ ಮಾಹಿತಿ ತೆಗೆದು ನೋಡಿದ್ರೆ ಗ್ರಾಫಿಕ್ಸ್ ಅಂತ ಇದ್ದ ಕಡೆ ಎಲ್‌ಎಲ್‌ವಿಎಮ್‌ಪೈಪ್ ಅಂತ ತೋರಿಸ್ತಿದೆ, ಅಂದ್ರೆ ಎರಡು ಕಾರ್ಡೂ ಸುಮ್ನೆ ಕೂತಿವೆ, ಚಿತ್ರ ಬಿಡಿಸೋ ಕೆಲಸ ಎಲ್ಲಾ ಸಿಪಿಯು ತಲೆ ಮೇಲೆ. ತಪ್ಪು ನಂದೇ. ಇನ್‌ಸ್ಟಾಲ್ ಮಾಡುವಾಗ ಪರದೆ ಬರ್ಲಿಲ್ಲ ಅಂತ ಬೇಸಿಕ್ ಗ್ರಾಫಿಕ್ಸ್ ಮೋಡ್ ಆರಿಸಿದ್ದೆ, ಅದು ಲಿನಕ್ಸ್‌ನ ತಿರುಳಾದ ಕರ್ನಲ್ ಶುರುವಾಗೋ ಸಾಲಿಗೆ, ಗ್ರಾಫಿಕ್ಸ್ ಡ್ರೈವರ್ ಏಳಬೇಡ ಅನ್ನೋ ಅರ್ಥದ ನೋಮೋಡ್‌ಸೆಟ್ ಅನ್ನೋ ಪದ ಸೇರಿಸುತ್ತೆ, ಇನ್‌ಸ್ಟಾಲ್ ಮುಗಿದ ಮೇಲೂ ಅದು ಅಲ್ಲೇ ಉಳ್ಕೊಂಡಿತ್ತು. ಗ್ರಬ್ಬಿ ಕಮಾಂಡಲ್ಲಿ ಅದನ್ನ ತೆಗೆದು ರೀಬೂಟ್ ಮಾಡಿದ್ದೇ ತಡ ಫ್ಯಾನು ತೆಪ್ಪಗಾಯ್ತು. ಈಗ ಯಾರಾದ್ರೂ ಲಿನಕ್ಸ್ ನಿಧಾನ ಅಂದ್ರೆ ನಾನು ಮೊದಲು ಕೇಳೋದೇ ಇದನ್ನ.

ಇಂಟೆಲ್ ಏನೋ ಎದ್ದಿತ್ತು, ಆದ್ರೆ ನನ್ನ ದೊಡ್ಡ ಮಾನಿಟರ್ ಹಾಕೋ ಎಚ್‌ಡಿಎಮ್‌ಐ ಪೋರ್ಟ್ ಇರೋದು ಎನ್‌ವಿಡಿಯಾ ಕಾರ್ಡಿಗೆ, ಅದು ಏಳದೆ ಮಾನಿಟರ್ ಬರಲ್ಲ. ಫೆಡೋರಾದಲ್ಲಿಲ್ಲದ ಪ್ಯಾಕೇಜ್ ಕೊಡೋ ಆರ್‌ಪಿಎಮ್ ಫ್ಯೂಷನ್ನಿಂದ ಡ್ರೈವರ್ ಹಾಕಿದೆ, ಹಾಕಿದ ತಕ್ಷಣ ರೀಬೂಟ್ ಹೊಡೆದೆ, ಮಾನಿಟರ್ ಕಪ್ಪು. ಇದೂ ನನ್ನ ಅವಸರವೇ, ಯಾಕಂದ್ರೆ ಪ್ಯಾಕೇಜ್ ಇಳಿದ ಮೇಲೆ ಹಿಂದುಗಡೆ ಎಕೆಮೋಡ್ಸ್ ಅನ್ನೋದು ನಮ್ಮ ಕರ್ನಲ್‌ಗೆ ತಕ್ಕ ಮಾಡ್ಯೂಲ್ (ಡ್ರೈವರ್‌ನ ಕರ್ನಲ್ ಒಳಗಿನ ಭಾಗ) ಕಂಪೈಲ್ ಮಾಡುತ್ತೆ, ಅದಕ್ಕೆ ಕೆಲವು ನಿಮಿಷ ಬೇಕು. ಈಗ ನಾನು ಕಾಫಿ ಇಟ್ಕೊಂಡು ಕೂತು, ಮಾಡ್‌ಇನ್ಫೋ ಕಮಾಂಡಲ್ಲಿ ಎನ್‌ವಿಡಿಯಾ ಆವೃತ್ತಿ ನಂಬರ್ ಕಾಣಿಸಿದ ಮೇಲಷ್ಟೇ ರೀಬೂಟ್ ಮಾಡೋದು. ಎರಡನೇ ಸಲ ಕಾದೆ, ಆದ್ರೂ ಇಲ್ಲ! ಲಾಗ್ ನೋಡಿದ್ರೆ ಸೆಕ್ಯೂರ್ ಬೂಟ್ ಆನ್ ಇದೆ, ಈ ಮಾಡ್ಯೂಲ್‌ನ ಸಹಿಯ ಕೀ ಅದಕ್ಕೆ ಗೊತ್ತಿಲ್ಲ, ಬಾಗಿಲಲ್ಲೇ ತಡೀತಿದೆ. ಮೋಕ್‌ಯುಟಿಲ್ ಕಮಾಂಡಿಂದ ಕೀ ಸೇರಿಸೋಕೆ ಹೇಳಿ, ಒಂದು ಪಾಸ್‌ವರ್ಡ್ ಕೊಟ್ಟು, ರೀಬೂಟ್ ಆಗುವಾಗ ಬರೋ ನೀಲಿ ಪರದೆಯಲ್ಲಿ ಎನ್‌ರೋಲ್ ಮೋಕ್ ಆರಿಸಿ ಅದೇ ಪಾಸ್‌ವರ್ಡ್ ಹಾಕ್ಬೇಕು. ಆ ನೀಲಿ ಪರದೆ ಸ್ವಲ್ಪ ಹೊತ್ತಷ್ಟೇ ಕಾಯುತ್ತೆ, ನೀವು ಅಡುಗೆಮನೆಗೆ ಹೋಗಿದ್ರೆ ಮತ್ತೆ ಮೊದಲಿಂದ.

ಮಾನಿಟರ್ ಬಂತು. ಜೊತೆಗೆ ಮಿಣಮಿಣಾನೂ ಬಂತು.

ಎಲ್ಲಾ ಆಪ್‌ನಲ್ಲೂ ಅಲ್ಲ, ಅದೇ ತಲೆ ಕೆಡಿಸಿದ್ದು. ಫೈರ್‌ಫಾಕ್ಸ್ ಚೆನ್ನಾಗಿದೆ, ಫೈಲ್ ಮ್ಯಾನೇಜರ್ ಚೆನ್ನಾಗಿದೆ, ಒಂದು ಹಳೇ ಚಾಟ್ ಆಪಲ್ಲಿ ಮಾತ್ರ ಟೈಪ್ ಮಾಡಿದ ಅಕ್ಷರ ಮಾಯ ಆಗಿ ಮತ್ತೆ ಬರ್ತಿದೆ. ಮನೆಯವಳು ಹಿಂದೆ ನಿಂತ್ಕೊಂಡು "ಏನ್ರೀ ಇದು, ಸ್ಟಾರ್ಟರ್ ಹೋಗಿರೋ ಟ್ಯೂಬ್‌ಲೈಟ್ ಥರ" ಅಂದ್ಲು. ಸುಳಿವು ಸಿಕ್ಕಿದ್ದು ಎಕ್ಸ್‌ಐಸ್ ಅನ್ನೋ ಪುರಾತನ ಪ್ರೋಗ್ರಾಮಿಂದ, ಎರಡು ಕಣ್ಣು ಮೌಸ್ ಹೋದ ಕಡೆ ನೋಡ್ತವಲ್ಲ, ಅದೇ. ವೇಲ್ಯಾಂಡಲ್ಲಿ ಮೌಸು ಎಕ್ಸ್‌ವೇಲ್ಯಾಂಡ್ (ಎಕ್ಸ್11 ಆಪ್‌ಗಳನ್ನ ವೇಲ್ಯಾಂಡಲ್ಲಿ ಓಡಿಸೋ ಸೇತುವೆ) ಕಿಟಕಿ ಮೇಲಿದ್ರೆ ಮಾತ್ರ ಆ ಕಣ್ಣು ಹೊರಳೋದು. ಒಂದೊಂದೇ ಕಿಟಕಿ ಮೇಲೆ ಮೌಸ್ ಆಡಿಸಿದೆ, ಕಣ್ಣು ಹೊರಳಿದ ಕಡೆಯೇ ಮಿಣಮಿಣ. ಅಂದ್ರೆ ಎಕ್ಸ್11ಗೆ ಅಂತ ಬರೆದು ಎಕ್ಸ್‌ವೇಲ್ಯಾಂಡ್ ಮೂಲಕ ಓಡ್ತಿರೋ ಆಪ್‌ಗಳಿಗಷ್ಟೇ ಈ ರೋಗ.

ಕಾರಣ ಅರ್ಥ ಆಗೋಕೆ ದರ್ಶಿನಿ ನೆನೆಸ್ಕೊಳ್ಳಿ. ಒಳಗೆ ದೋಸೆ ಹುಯ್ಯೋ ಭಟ್ರು ನಮ್ಮ ಆಪು, ಪ್ಲೇಟ್ ಎತ್ತಿ ಗಿರಾಕಿ ಮುಂದಿಡೋ ಕೌಂಟರ್ ಹುಡುಗ ಕಾಂಪೋಸಿಟರ್, ಅಂದ್ರೆ ಎಲ್ಲಾ ಕಿಟಕಿ ಸೇರಿಸಿ ಪರದೆಗೆ ಹಾಕೋ ಪ್ರೋಗ್ರಾಮು. ಇಂಟೆಲ್, ಎಎಮ್‌ಡಿ ಕಾರ್ಡುಗಳ ಮೆಸಾ ಅನ್ನೋ ಮುಕ್ತ ಡ್ರೈವರ್‌ಗಳಲ್ಲಿ ಪ್ಲೇಟಿಗೇ ಒಂದು ಚೀಟಿ ಅಂಟಿರುತ್ತೆ, ಇನ್ನೂ ಬೇಯ್ತಿದೆ ತಡಿ ಅಂತ, ಕರ್ನಲ್ ಅದನ್ನ ನೋಡ್ಕೊಳ್ಳುತ್ತೆ, ಭಟ್ರೂ ಹುಡುಗನೂ ಮಾತಾಡೋದೇ ಬೇಡ. ಇದು ಇಂಪ್ಲಿಸಿಟ್ ಸಿಂಕ್. ಎನ್‌ವಿಡಿಯಾ ಡ್ರೈವರ್ ಕಟ್ಟಿರೋ ರೀತಿಯಲ್ಲಿ ಆ ಚೀಟಿ ಪದ್ಧತಿ ಇಲ್ಲ, ಅಲ್ಲಿ ಭಟ್ರೇ ಆಯ್ತು ಅಂತ ಬೆಲ್ ಹೊಡೀಬೇಕು, ಅದು ಎಕ್ಸ್‌ಪ್ಲಿಸಿಟ್ ಸಿಂಕ್. ಆದ್ರೆ ನನ್ನ ವೇಲ್ಯಾಂಡಲ್ಲಿ ಆ ಹೊತ್ತಿಗೆ ಬೆಲ್ ಇನ್ನೂ ಬಂದಿರ್ಲಿಲ್ಲ. ಹುಡುಗ ಚೀಟಿ ಇಲ್ಲ ಅಂದ್ರೆ ರೆಡಿ ಅಂದ್ಕೊಂಡು ಎತ್ಕೊಂಡು ಹೋಗ್ತಿದ್ದ, ಕೆಲವು ಸಲ ಹಿಂದಿನ ಗಿರಾಕಿಯ ಪ್ಲೇಟೇ ಬರ್ತಿತ್ತು, ಅದೇ ನಾನು ನೋಡ್ತಿದ್ದ ಹಳೇ ಫ್ರೇಮು. ಇದ್ರಲ್ಲಿ ಒಬ್ಬರದ್ದೇ ತಪ್ಪು ಅಂತ ನಂಗನಿಸಲ್ಲ, ಬೆಲ್ಲೇ ಒಳ್ಳೇ ಪದ್ಧತಿ ಅಂತ ಮೆಸಾದವರಲ್ಲೂ ಅನೇಕರು ಹೇಳ್ತಿದ್ರು.

ಬೆಲ್ ಬಂದಿದ್ದೂ ಅದೇ ವರ್ಷ. ಬೆಲ್ ಹೊಡೆಯೋ ನಿಯಮ, ಅಂದ್ರೆ ಪ್ರೋಟೋಕಾಲ್, ವೇಲ್ಯಾಂಡಿಗೆ ಮಾರ್ಚಲ್ಲಿ ಸೇರ್ತು, ಎಕ್ಸ್‌ವೇಲ್ಯಾಂಡ್ 24.1 ಮೇನಲ್ಲಿ, ಕೆಡಿಇಯ ಡೆಸ್ಕ್‌ಟಾಪ್ ಪ್ಲಾಸ್ಮಾ 6.1 ಜೂನಲ್ಲಿ, ಎನ್‌ವಿಡಿಯಾ ಡ್ರೈವರ್ 555 ಮೇನಲ್ಲಿ ಬೀಟಾ ಆಗಿ, ಜೂನ್ ಕೊನೆಗೆ ಸ್ಟೇಬಲ್. ಎಕ್ಸ್‌ವೇಲ್ಯಾಂಡ್, ಪ್ಲಾಸ್ಮಾ, ಡ್ರೈವರ್ ಮೂರೂ ಒಟ್ಟಿಗೆ ಇದ್ರೇನೇ ಕೆಲಸ ಮಾಡೋದು. ಇದು ಗೊತ್ತಿಲ್ದೆ ನಾನು ಬರೀ ಬೀಟಾ ಡ್ರೈವರ್ ಹಾಕಿ, ಏನೂ ಬದಲಾಗ್ಲಿಲ್ಲ ಅಂತ ತೆಗೆದು, ಮತ್ತೆ ಹಾಕಿ, ಒಂದು ವೀಕೆಂಡ್ ಪೂರ್ತಿ ಹಾಳು ಮಾಡ್ಕೊಂಡೆ. ಜುಲೈನಲ್ಲಿ ಮೂರೂ ಮಾಮೂಲಿ ಅಪ್‌ಡೇಟಲ್ಲೇ ಬಂದಿದ್ವು, ರೀಬೂಟ್ ಮಾಡಿದೆ, ಚಾಟ್ ಆಪ್ ತೆಗೆದೆ, ಮಿಣಮಿಣ ಇಲ್ಲ. ಸುಮ್ನೆ ನಾಲ್ಕು ಸಾಲು ಟೈಪ್ ಮಾಡಿ ಅಳಿಸಿದೆ.

ಕನ್ನಡ ಟೈಪಿಂಗ್ ಬೇರೆ ಕಥೆ. ಎಕ್ಸ್11ನಲ್ಲಿ ಇದ್ದ ಹಾಗೆ ಇಲ್ಲಿ ತಾನಾಗೇ ಬರ್ಲಿಲ್ಲ, ಕೆಡಿಇಯ ಕೀಬೋರ್ಡ್ ಸೆಟ್ಟಿಂಗಲ್ಲಿ ವರ್ಚುವಲ್ ಕೀಬೋರ್ಡ್ ಅಂತಿದೆ, ಅಲ್ಲಿ ಕನ್ನಡದಂಥ ಭಾಷೆ ಟೈಪ್ ಮಾಡಿಸೋ ಎಫ್‌ಸಿಟಿಎಕ್ಸ್5 ಆರಿಸ್ಬೇಕು. ಹೆಸರು ನೋಡಿ ಟಚ್‌ಸ್ಕ್ರೀನ್‌ಗೆ ಅಂದ್ಕೊಂಡು ನಾನು ಅದನ್ನ ಮುಟ್ಟೇ ಇರ್ಲಿಲ್ಲ.

ಈಗಿನ ಚಿಂತೆ ಬೇರೆ. 1050 ಪ್ಯಾಸ್ಕಲ್ ಪೀಳಿಗೆಯದ್ದು, ಅದಕ್ಕೆ ಎನ್‌ವಿಡಿಯಾ ಡ್ರೈವರ್‌ನ 580ರ ಸರಣಿಯೇ ಕೊನೆ. ಎನ್‌ವಿಡಿಯಾದ್ದೇ ಓಪನ್ ಕರ್ನಲ್ ಮಾಡ್ಯೂಲ್ ಪ್ಯಾಸ್ಕಲ್ ಆದ್ಮೇಲಿನ ಟ್ಯೂರಿಂಗ್ ಪೀಳಿಗೆಯಿಂದ ಮುಂದಿನ ಕಾರ್ಡುಗಳಿಗೆ ಮಾತ್ರ. ನೂವೋ ಅನ್ನೋ ಮುಕ್ತ ಡ್ರೈವರ್ ಹಾಕೋಣ ಅಂದ್ರೆ ಈ ಪೀಳಿಗೆಯಲ್ಲಿ ಕಾರ್ಡಿನ ವೇಗ ಏರಿಸೋಕೆ ಅದಕ್ಕೆ ಆಗಲ್ಲ. ಲ್ಯಾಪ್‌ಟಾಪಲ್ಲಿ ಕಾರ್ಡ್ ಬೋರ್ಡಿಗೇ ಬೆಸುಗೆ, ಕಿತ್ತು ಬದಲಾಯಿಸೋ ಮಾತಿಲ್ಲ. ಹಾಗಾಗಿ ಡ್ರೈವರನ್ನ 580ಕ್ಕೇ ಲಾಕ್ ಮಾಡಿ ಇಟ್ಟಿದ್ದೀನಿ, ಅಪ್‌ಡೇಟ್ ಪಟ್ಟಿ ಬಂದಾಗ ನಂಬರ್ ಓದಿ ಆಮೇಲೇ ವೈ ಒತ್ತೋದು.