ಪುಟ್ಟ ಮಕ್ಕಳ ನಡುವೆ ಹೆಣಿಗೆ ಕಲಿಯೋರಿಗೆ

ಎರಡು ಬಿಡಿ ಕಡ್ಡಿ ಬೇಡ, ನಡುವೆ ವೈರ್ ಇರೋ 4 ಮಿ.ಮೀ. ಬಿದಿರಿನ ಸರ್ಕ್ಯುಲರ್ ಕಡ್ಡಿ ತಗೊಳ್ಳಿ. ಮಗು ಅತ್ತಾಗ ಕುಣಿಕೆಗಳನ್ನು ವೈರಿಗೆ ಸರಿಸಿ ಎದ್ದರಾಯ್ತು, ಸುಲಭಕ್ಕೆ ಜಾರಲ್ಲ. ಉಲ್ಲನ್ ತಿಳಿ ಬಣ್ಣದ್ದಿರಲಿ. ಕಪ್ಪಾದ್ರೆ ರಾತ್ರಿ ಹೊತ್ತು ಕುಣಿಕೆ ಕಾಣೋದೇ ಕಷ್ಟ.

30 ಕುಣಿಕೆ ಹಾಕಿ, ಎಲ್ಲ ಸಾಲೂ ಬರೀ ನಿಟ್ (ದಾರ ಹಿಂದಿಟ್ಟು ಹಾಕೋ ಸಾದಾ ಹೆಣಿಗೆ) ಹೆಣೀರಿ. 30 ಇದ್ದದ್ದು 34 ಆಗ್ತಿದ್ಯಾ? ಸಾಲಿನ ಮೊದಲ ಕುಣಿಕೆ ನೋಡಿ. ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ರೆ ಆ ಕುಣಿಕೆ ಮೇಲೆದ್ದು, ಅದರ ಎರಡು ಕಾಲು ಎರಡು ಕುಣಿಕೆ ಥರ ಕಾಣುತ್ತೆ. ಗೊತ್ತಾಗದೆ ಎರಡನ್ನೂ ಹೆಣೆದುಬಿಡ್ತೀವಿ. ದಾರವನ್ನು ಮುಂದೆ ಕೆಳಕ್ಕೆಳೆದು, ಕಡ್ಡಿಯ ಅಡಿಯಿಂದ ಹಿಂದಕ್ಕೆ ಒಯ್ದು ಶುರುಮಾಡಿ. ಸಾಲಿನ ಮಧ್ಯೆ ಏಳಲೇಬೇಕಾಯ್ತಾ? ವಾಪಸ್ ಬಂದಾಗ ಉಂಡೆಯ ದಾರ ಇರೋ ತುದಿ ಬಲಗೈಲಿರಲಿ.