ಗಂಡ ಹೆಂಡ್ತಿ ಇಬ್ರೇ ಕೆರಿಬಿಯನ್‌ನಲ್ಲಿ ಮೂರು ತಿಂಗ್ಳು ಇರೋದು ಹೇಗೆ

ಜೂನ್ 1ರಿಂದ ನವೆಂಬರ್ 30ರ ತನಕ ಅಲ್ಲಿ ಚಂಡಮಾರುತದ ಸೀಸನ್ನು, ಅದಕ್ಕೇ ಜನವರೀಲಿ ಹೊರಟು ಏಪ್ರಿಲ್ ಒಳಗೆ ವಾಪಸ್ ಬನ್ನಿ. ಅಮೆರಿಕ ಮೇಲಿಂದ ಹೋಗೋದಾದ್ರೆ ಅವರ ವೀಸಾನೂ ಬೇಕು, ಟಿಕೆಟ್ ಮಾಡೋಕೆ ಮುಂಚೆನೇ ನೋಡ್ಕೊಳ್ಳಿ. ವಾರಕ್ಕೊಂದು ದ್ವೀಪ ಅಂತ ಓಡಾಡ್ಬೇಡಿ, ಫ್ಲೈಟಿಗೇ ದುಡ್ಡೆಲ್ಲ ಹೋಗತ್ತೆ. ಗ್ರೆನಡಾ, ಸೇಂಟ್ ವಿನ್ಸೆಂಟ್ ಎರಡೇ ಸಾಕು, ಎರಡೂ ಕಡೆ ಈಸ್ಟರ್ನ್ ಕೆರಿಬಿಯನ್ ಡಾಲರೇ ನಡ್ಯತ್ತೆ, ಒಂದು ಅಮೆರಿಕನ್ ಡಾಲರಿಗೆ 2.70 ಅಂತ 1976ರಿಂದ ಫಿಕ್ಸು. ಅಡುಗೆಮನೆ ಇರೋ ರೂಮನ್ನ ತಿಂಗಳ ಲೆಕ್ಕದಲ್ಲಿ ಕೇಳಿ, ಶನಿವಾರ ಬೆಳಗ್ಗೆ ಗ್ರೆನಡಾ ರಾಜಧಾನಿ ಸೇಂಟ್ ಜಾರ್ಜಸ್‌ನ ಮಾರ್ಕೆಟ್‌ಗೆ ಹೋಗಿ, ಜಾಯಿಕಾಯಿ ಮೇಲೆ ಕೆಂಪು ಜಾಪತ್ರೆ ಬಲೆ ಥರ ಅಂಟ್ಕೊಂಡಿರೋದು ನೋಡಿ, ಜೀಗುಜ್ಜೆ (ಬ್ರೆಡ್‌ಫ್ರೂಟ್) ಸಿಕ್ರೆ ತಂದು ತೆಳ್ಳಗೆ ಹೆಚ್ಚಿ ಖಾರ ಹಚ್ಚಿ ಕಾಯ್ಸಿ, ಮಂಗಳೂರು ಕಡೆಯೋರಿಗಂತೂ ಮನೆ ನೆನಪಾಗತ್ತೆ. ಸೇಂಟ್ ವಿನ್ಸೆಂಟ್‌ನ ಕಿಂಗ್ಸ್‌ಟೌನ್‌ನಿಂದ ಪಕ್ಕದ ಬೆಕ್ವೇ ದ್ವೀಪಕ್ಕೆ ಫೆರಿ ಸುಮಾರು ಒಂದು ಗಂಟೆ, ಇಬ್ರೂ ಮೇಲಿನ ಡೆಕ್ಕಲ್ಲೇ ಕೂತ್ಕೊಳ್ಳಿ.