ಒಸಡಿನ ಫೋಟೋ ತೋರಿಸಿ ಸಿಗರೇಟು ಬಿಡಿಸಿದ್ದು

ನಾನು ದಂತವೈದ್ಯೆ. ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆ, ಟೆಕ್ ಪಾರ್ಕ್‌ಗಳ ಪಕ್ಕದಲ್ಲೇ ನನ್ನ ಕ್ಲಿನಿಕ್ ಇದೆ. ಬರುವವರಲ್ಲಿ ಸಿಗರೇಟು ಸೇದುವ ಹೆಣ್ಣುಮಕ್ಕಳೂ ಇದ್ದಾರೆ. ಫಾರಂನಲ್ಲಿ ಕೇಳಿದರೆ ಇಲ್ಲ ಅಂತ ಬರೆಯುತ್ತಾರೆ. ಎಲ್ಲಿ ಮನೆಯವರಿಗೆ ಗೊತ್ತಾಗುತ್ತದೋ ಅನ್ನೋ ಭಯ. ಆದರೆ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ, ನಾಲಿಗೆ ತಾಗುವ ಜಾಗದಲ್ಲಿ, ಕಂದು ಕಲೆ ಕೂತಿರುತ್ತದೆ.

ಮೊದಮೊದಲು ನಾನೂ ಓದುವಾಗ ಕಲಿತದ್ದನ್ನೇ ಹೇಳುತ್ತಿದ್ದೆ. ಕ್ಯಾನ್ಸರ್, ಹಾರ್ಟ್ ಅಟ್ಯಾಕ್, ಶ್ವಾಸಕೋಶ. ಎಲ್ಲರೂ ತಲೆಯಾಡಿಸಿ ಹೋಗುತ್ತಿದ್ದರು. 2016ರಿಂದ ಪ್ಯಾಕೆಟ್ಟಿನ 85% ಜಾಗದಲ್ಲಿ ಎಚ್ಚರಿಕೆ ಚಿತ್ರ ಇದೆಯಲ್ಲ, ಅದರ ಬಗ್ಗೆ ಒಬ್ಬಳು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. "ಡಾಕ್ಟ್ರೇ, ಅದನ್ನ ದಿನಾ ನೋಡ್ತೀನಿ. ಅದು ಯಾರದೋ ಬಾಯಿ."

ಸರಿ, ಹಾಗಾದರೆ ಅವಳದೇ ಬಾಯಿ ತೋರಿಸಬೇಕು ಅಂತ ಅವತ್ತೇ ಅನ್ನಿಸಿತು. ಹೇಗೆ ಅಂತ ಗೊತ್ತಾಗಿದ್ದು ಮಾತ್ರ ಇನ್ನೊಬ್ಬಳಿಂದ.

ಅವಳಿಗೆ 27 ವರ್ಷ. ನಾಲ್ಕು ತಿಂಗಳಲ್ಲಿ ಮದುವೆ. ನಕ್ಕರೆ ಒಸಡು ಕಪ್ಪಗೆ ಕಾಣುತ್ತದೆ, ಫೋಟೋಗೆ ಚೆನ್ನಾಗಿರಲ್ಲ, ಲೇಸರ್ ಮಾಡಿ ಅಂತ ಬಂದಳು. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮವರಲ್ಲಿ ತುಂಬಾ ಜನರಿಗೆ ಒಸಡು ಹುಟ್ಟಿನಿಂದಲೇ ಕಪ್ಪು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನೇ ಅಲ್ಲೂ ಇರುತ್ತದೆ, ಅಷ್ಟೇ. ಅದು ರೋಗವೂ ಅಲ್ಲ, ಕೊರತೆಯೂ ಅಲ್ಲ, ಅದಕ್ಕೆ ಲೇಸರ್ ಬೇಕು ಅಂತ ಬಂದವರನ್ನು ನಾನು ಸಾಮಾನ್ಯವಾಗಿ ಹಾಗೇ ಸಮಾಧಾನ ಮಾಡಿ ಕಳಿಸುತ್ತೇನೆ. ಆದರೆ ಇವಳ ಕಪ್ಪು ಬೇರೆ ಥರ ಇತ್ತು. ಕೆಳಗಿನ ಮುಂದಿನ ಹಲ್ಲುಗಳ ಸುತ್ತಲೇ ಗುಂಪಾಗಿತ್ತು. ಹಳೇ ಫೋಟೋ ಇದ್ದರೆ ತೋರಿಸಮ್ಮ ಅಂದೆ. ಮೊಬೈಲಿನಲ್ಲಿ ಪಿಯುಸಿ ಕಾಲದ್ದೊಂದು ಸಿಕ್ಕಿತು, ಗೆಳತಿಯರ ಜೊತೆ ಬಾಯ್ತುಂಬ ನಗುತ್ತಿದ್ದಾಳೆ, ಒಸಡು ಗುಲಾಬಿ.

"ಎಷ್ಟು ವರ್ಷದಿಂದ ಸೇದ್ತಾ ಇದ್ದೀಯಮ್ಮ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆರು ವರ್ಷ. ಅಮ್ಮ ಹೊರಗೆ ಕೂತಿದ್ದಾರೆ ಡಾಕ್ಟ್ರೇ, ಮೆಲ್ಲಗೆ."

ಹೊಗೆಯಲ್ಲಿರುವ ರಾಸಾಯನಿಕಗಳು ತಾಗಿ ತಾಗಿ ಬಣ್ಣ ಮಾಡುವ ಜೀವಕೋಶಗಳು ಕೆರಳುತ್ತವೆ, ಹೀಗೆ ಕಪ್ಪಾಗುವುದು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ ಕಾಣುತ್ತದೆ ಅಂತ ಹೇಳಿದೆ. ಲೇಸರ್ ಮಾಡಿದರೆ ಮದುವೆ ಹೊತ್ತಿಗೆ ಗುಲಾಬಿ ಆಗುತ್ತದೆ, ಸೇದುತ್ತಾ ಇದ್ದರೆ ಮತ್ತೆ ಬರುತ್ತದೆ ಅಂದೆ.

"ಬಿಟ್ಟರೆ?"

ಆ ಪ್ರಶ್ನೆ ಅವಳ ಬಾಯಿಂದಲೇ ಬಂತು. ಅಷ್ಟು ವರ್ಷ ನಾನು ಯಾರಿಗೆ ಏನು ಹೇಳಿದರೂ ಬರದೇ ಇದ್ದ ಪ್ರಶ್ನೆ ಅದು. ಬಿಟ್ಟರೆ ತಾನಾಗಿಯೇ ಮಾಸುತ್ತಾ ಹೋಗುತ್ತದೆ, ತಿಂಗಳುಗಳು ಬೇಕು, ಕೆಲವರಿಗೆ ಎರಡು ಮೂರು ವರ್ಷವೇ ಹಿಡಿಯಬಹುದು ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ.

ಅಲ್ಲಿಂದ ನನ್ನ ಕ್ರಮ ಶುರುವಾಯಿತು. ತುಟಿ ಅಗಲಿಸಿ ಒಸಡಿನದು ಒಂದು ಫೋಟೋ, ಕನ್ನಡಿ ಇಟ್ಟು ಹಲ್ಲಿನ ಹಿಂಬದಿಯದು ಇನ್ನೊಂದು, ಕಿಟಕಿ ಬೆಳಕಿನಲ್ಲಿ ತುಟಿಯ ಸುತ್ತಲಿನದು ಮತ್ತೊಂದು. ಮೊದಲ ದಿನ, ಮೊದಲಿಗೆ ಕೆಳಗಿನ ಹಲ್ಲುಗಳಲ್ಲಿ ಅರ್ಧ ಮಾತ್ರ ಕ್ಲೀನಿಂಗ್ ಮಾಡುತ್ತೇನೆ, ಒಂದೇ ಬದಿ. ಆಮೇಲೆ ಕಂದು ಬದಿ, ಬಿಳಿ ಬದಿ ಎರಡೂ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆದು ತೋರಿಸುತ್ತೇನೆ. ನಾನು ಏನೂ ಹೇಳುವುದಿಲ್ಲ. ಅವರೇ ನೋಡುತ್ತಾ ಕೂರುತ್ತಾರೆ. ಇನ್ನೊಂದು ಬದಿ ಅದೇ ದಿನ ಮುಗಿಸಿ ಕಳಿಸುತ್ತೇನೆ. ಮೂರು ತಿಂಗಳಿಗೆ, ಆರು ತಿಂಗಳಿಗೆ ಅದೇ ಬೆಳಕಿನಲ್ಲಿ ಮತ್ತೆ ಫೋಟೋ.

ತುಟಿಯ ಸುತ್ತ ಬರುವ ಸಣ್ಣ ಗೆರೆಗಳ ಬಗ್ಗೆ ಕೇಳಿದವರಿಗೆ ಮಾತ್ರ ಹೇಳುತ್ತೇನೆ. ಹೊಗೆ ಚರ್ಮದ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಚರ್ಮವನ್ನು ಹಿಡಿದಿಡುವ ಕೊಲಾಜೆನ್ ಸವೆಯುತ್ತದೆ, ಜೊತೆಗೆ ದಿನಕ್ಕೆ ನೂರಾರು ಸಲ ತುಟಿ ಮುದುಡಿ ಎಳೆಯುವುದು. ಡಗ್ಲಸ್ ಮಾಡೆಲ್ ಅನ್ನುವ ವೈದ್ಯರು 1985ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಮುಖಲಕ್ಷಣದ ಬಗ್ಗೆ ಬರೆದಿದ್ದರು. ಅಮೆರಿಕದ ಒಹಾಯೋದ ಟ್ವಿನ್ಸ್‌ಬರ್ಗ್‌ನಲ್ಲಿ ಪ್ರತಿ ವರ್ಷ ಅವಳಿಗಳ ಜಾತ್ರೆ ನಡೆಯುತ್ತದೆ. ಅಲ್ಲಿ 79 ಜೋಡಿಗಳ ಫೋಟೋ ಹೋಲಿಸಿದ ಅಧ್ಯಯನ 2013ರಲ್ಲಿ ಬಂತು. ಹೆಚ್ಚು ಸೇದಿದವರ ಕಣ್ಣಿನ ಕೆಳಗಿನ ಚೀಲ, ತುಟಿಯ ಗೆರೆ ಎದ್ದು ಕಾಣುತ್ತಿದ್ದವು. ಅದೇ ವರ್ಷ ಆಸ್ಟ್ರೇಲಿಯಾದ ಪರ್ತ್ ಕಡೆ ಔಷಧಿ ಅಂಗಡಿಗಳಲ್ಲಿ ಮಾಡಿದ ಪ್ರಯೋಗವೂ ಪ್ರಕಟವಾಯಿತು. 18ರಿಂದ 30 ವಯಸ್ಸಿನ 160 ಜನ. ಅರ್ಧ ಜನರಿಗೆ, ಸೇದಿದರೆ ಮುಂದೆ ತಮ್ಮದೇ ಮುಖ ಹೇಗಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ತೋರಿಸಿದರು. ಆರು ತಿಂಗಳ ಮೇಲೆ ಉಸಿರು ಪರೀಕ್ಷೆ ಮಾಡಿ ನೋಡಿದರೆ, ಮುಖ ನೋಡಿದ 80 ಜನರಲ್ಲಿ 11 ಮಂದಿ ಬಿಟ್ಟಿದ್ದರು, ಉಳಿದ 80ರಲ್ಲಿ ಒಬ್ಬರು. ಇದನ್ನು ಓದಿದಾಗ ನನಗೆ ಧೈರ್ಯ ಬಂತು. ಆದರೆ 80ರಲ್ಲಿ 69 ಜನ ಬಿಟ್ಟಿರಲಿಲ್ಲ ಅನ್ನುವುದನ್ನೂ ನೆನಪಿಟ್ಟುಕೊಂಡಿದ್ದೇನೆ. ಫೋಟೋ ಮನಸ್ಸು ತಿರುಗಿಸುತ್ತದೆ, ಚಟ ಬಿಡಿಸುವ ಕೆಲಸ ಆಮೇಲಿನದು.

ಒಂದು ತಪ್ಪು ಮಾಡಿದ್ದೇನೆ, ಇವತ್ತಿಗೂ ಬೇಜಾರಿದೆ. ರೂಟ್ ಕೆನಾಲ್‌ಗೆ ಬಂದಿದ್ದ ನಲವತ್ತರ ಆಸುಪಾಸಿನ ಹೆಂಗಸೊಬ್ಬರಿಗೆ, ಸೇದಿ ಸೇದಿ ನಿಮ್ಮ ಮುಖ ವಯಸ್ಸಿಗಿಂತ ಹತ್ತು ವರ್ಷ ಜಾಸ್ತಿ ಕಾಣ್ತಿದೆ ಅಂದುಬಿಟ್ಟೆ. ಅವರು ಏನೂ ಮಾತಾಡಲಿಲ್ಲ. ಎರಡನೇ ಸಿಟ್ಟಿಂಗ್‌ಗೆ ಬರಲೇ ಇಲ್ಲ, ಅರ್ಧ ಆದ ಹಲ್ಲು ಹಾಗೇ ಉಳಿಯಿತು. ಹೆಣ್ಣುಮಕ್ಕಳ ಮುಖ ನೋಡಿ ಮಾತಾಡುವವರು ಮನೆಯಲ್ಲಿ, ಆಫೀಸಿನಲ್ಲಿ, ಮದುವೆಮನೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಸಾಲಿಗೆ ಡಾಕ್ಟರೂ ಸೇರಬಾರದು. ಈಗ ನಾನು ಮೊದಲು ಕೇಳುವುದು ಇಷ್ಟೇ: ನಿಮ್ಮ ಬಾಯಿಯಲ್ಲಿ ನಿಮಗೆ ಏನು ಬೇಜಾರು ಮಾಡ್ತಿದೆ? ವಾಸನೆ, ಕಲೆ, ಒಸಡು, ಅವರು ಹೇಳಿದ್ದು ಯಾವುದೋ ಅದರದ್ದೇ ಫೋಟೋ. ಏನೂ ಇಲ್ಲ ಅಂದರೆ ಚೆಂದದ ಮಾತೇ ಎತ್ತುವುದಿಲ್ಲ.

ಇನ್ನು ತೂಕ. ಇದು ದೊಡ್ಡ ವಿಷಯ. ಸಿಗರೇಟು ಬಿಟ್ಟರೆ ದಪ್ಪ ಆಗ್ತೀನಲ್ವಾ ಅಂತ ಕೇಳದವರು ಕಡಿಮೆ. 1928ರ ಹೊತ್ತಿಗೇ ಅಮೆರಿಕದಲ್ಲಿ ಲಕ್ಕಿ ಸ್ಟ್ರೈಕ್ ಜಾಹೀರಾತು, ಸಿಹಿ ತಿನ್ನುವ ಬದಲು ನಮ್ಮ ಸಿಗರೇಟು ತಗೊಳ್ಳಿ ಅಂತ ಹೆಂಗಸರಿಗೆ ಹೇಳುತ್ತಿತ್ತು. ಚೆಂದದ ಆಸೆಯನ್ನೇ ಹಿಡಿದು ಸಿಗರೇಟು ಕೊಟ್ಟರು, ಅದೇ ಆಸೆಯನ್ನು ಹಿಡಿದು ನಾನು ಬಿಡಿಸಲು ನೋಡುತ್ತಿದ್ದೇನೆ, ಹಾಗಿರುವಾಗ ಈ ಪ್ರಶ್ನೆಗೆ ಸುಳ್ಳು ಹೇಳಿದರೆ ಎಲ್ಲವೂ ಕೆಡುತ್ತದೆ. ಹೌದು, ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕೆಜಿ ಏರುತ್ತದೆ ಅಂತಲೇ ಹೇಳುತ್ತೇನೆ. ಎಲ್ಲರಿಗೂ ಅಷ್ಟೇ ಏರುವುದಿಲ್ಲ. ಬಾಯಾಡಿಸಬೇಕು ಅನ್ನಿಸಿದಾಗ ಸೌತೆಕಾಯಿ, ಒಂದು ಹಿಡಿ ಹುರಿಗಡಲೆ. ಟೀ ಬ್ರೇಕಿನಲ್ಲಿ ಅಂಗಡಿ ಕಡೆ ಹೋಗುವ ಬದಲು ಕ್ಯಾಂಪಸ್ ಒಂದು ಸುತ್ತು. ಅದೇ ತಿಂಗಳು ಡಯಟ್ ಶುರು ಮಾಡಬೇಡಿ ಅಂತಲೂ ಹೇಳುತ್ತೇನೆ, ಎರಡು ಹಸಿವು ಒಟ್ಟಿಗೆ ತಡೆಯುವುದು ಕಷ್ಟ.

ಸಿಗರೇಟಿನ ಬದಲು ಜಗಿಯುವ ನಿಕೋಟಿನ್ ಗಮ್ ಕೊಡುವಾಗ ಗರ್ಭಿಣಿಯಾ ಅಂತ ಮೊದಲು ಕೇಳುತ್ತೇನೆ, ಹೌದಾದರೆ ಅವರ ಡಾಕ್ಟರ ಹತ್ತಿರ ಕಳಿಸುತ್ತೇನೆ. ಗಮ್ಮನ್ನು ತುಂಬಾ ಜನ ಚಾಕೊಲೇಟ್ ಥರ ಜಗಿದು ಬಿಸಾಕಿ, ಕೆಲಸ ಮಾಡಲಿಲ್ಲ ಅನ್ನುತ್ತಾರೆ. ನಿಧಾನಕ್ಕೆ ಜಗಿಯಬೇಕು, ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆ ಪಕ್ಕ ಇಟ್ಟುಕೊಳ್ಳಬೇಕು, ಚುರುಚುರು ಹೋದಮೇಲೆ ಮತ್ತೆ ಜಗಿಯಬೇಕು. ಕಾಫಿ ಕುಡಿದ ಹದಿನೈದು ನಿಮಿಷ ಹಾಕಿಕೊಳ್ಳಬಾರದು, ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಇವರಿಗೆ ಸಿಗರೇಟು ನೆನಪಾಗುವುದೇ ಕಾಫಿ ಜೊತೆ, ಅದಕ್ಕೇ ಇದನ್ನು ಎರಡೆರಡು ಸಲ ಹೇಳುತ್ತೇನೆ. ಮೊದಲ ಎರಡು ಮೂರು ದಿನ ತಡೆಯುವುದು ಬಲು ಕಷ್ಟ. ರಾತ್ರಿ ತಲೆ ಕೆಟ್ಟರೆ ಮಾರನೇ ದಿನ ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಹತ್ತುವುದಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ ಅಂತ ನಂಬರ್ ಬರೆದುಕೊಡುತ್ತೇನೆ.

ಬಿಟ್ಟ ಮೇಲೆ ಹಲ್ಲುಜ್ಜುವಾಗ ರಕ್ತ ಬರಬಹುದು. ಇದನ್ನು ಮೊದಲೇ ಹೇಳಬೇಕು. ಹೊಗೆ ಒಸಡಿನ ರಕ್ತಸ್ರಾವವನ್ನು ಅಷ್ಟು ದಿನ ಮರೆಮಾಚಿರುತ್ತದೆ. ಮದುವೆ ಹುಡುಗಿಗೆ ನಾನು ಹೇಳಿರಲಿಲ್ಲ. ಹತ್ತನೇ ದಿನ ಫೋನ್ ಮಾಡಿ, ಸೇದುವಾಗಲೇ ಚೆನ್ನಾಗಿತ್ತಲ್ಲ ಡಾಕ್ಟ್ರೇ ಅಂತ ಅತ್ತಳು.

ನಮ್ಮ ಕ್ಲಿನಿಕ್ಕಿಗೇ ಬರುವ, ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಕೆಲಸ ಮಾಡುವ ಹೆಂಗಸರ ಕಥೆ ಬೇರೆ. 2016-17ರ ತಂಬಾಕು ಬಳಕೆಯ ಸರ್ವೆ ಪ್ರಕಾರ ದೇಶದ ಹೆಂಗಸರಲ್ಲಿ ಸೇದುವವರು 2%, ಹೊಗೆಸೊಪ್ಪು, ಕಡ್ಡಿಪುಡಿಯಂಥದ್ದು ಹಾಕುವವರು 12.8%. ಕೆನ್ನೆಯೊಳಗೆ ಬಿಳಿ ಮಚ್ಚೆ ಇದ್ದ ಒಬ್ಬಮ್ಮನಿಗೆ ಫೋಟೋ ತೋರಿಸಿದೆ. "ಒಳಗೆ ಅಲ್ವಾ ಅಮ್ಮ, ಯಾರು ನೋಡ್ತಾರೆ ಬಿಡಿ" ಅಂದರು. ಅಲ್ಲಿ ಚೆಂದದ ಮಾತಿಗೆ ಜಾಗವೇ ಇಲ್ಲ. ಅವರನ್ನು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿ, ತೋರಿಸಿಕೊಂಡು ಬಂದರಾ ಅಂತ ಎರಡು ಸಲ ಫೋನ್ ಮಾಡಿದೆ.

ಮದುವೆ ಹುಡುಗಿ ಏಳು ವಾರ ಬಿಟ್ಟಿದ್ದಳು, ಮದುವೆ ಗಲಾಟೆಯಲ್ಲಿ ಮತ್ತೆ ಸೇದಿದಳು, ಆಮೇಲೆ ಮತ್ತೆ ಬಿಟ್ಟಳು. ಈಗ ವರ್ಷ ದಾಟಿದೆ. ಹೋದ ತಿಂಗಳು ಫೋಟೋ ತೆಗೆದೆ. ಕೆಳಗಿನ ಎರಡು ಹಲ್ಲುಗಳ ನಡುವೆ ಒಂದು ಚುಕ್ಕೆ ಕಪ್ಪು ಉಳಿದಿದೆ. ಅದಕ್ಕೆ ಲೇಸರ್ ಬೇಕಾ ಅಂತ ಕೇಳಿದೆ. "ಬೇಡ ಡಾಕ್ಟ್ರೇ, ಅದೂ ಹೋಗುತ್ತೆ ಅಲ್ವಾ?" ಅಂದು, ಆ ಫೋಟೋ ತನ್ನ ಮೊಬೈಲಿಗೆ ಕಳಿಸಿಕೊಂಡಳು.